ಅದಿರು ಸುಮ್ಮನಿರುತ್ತದೆ, ಮೆದು ಕಬ್ಬಿಣವೇಕೆ ತಾನಾಗಿಯೇ ಕಾಯುತ್ತದೆ?

ಪ್ರಶ್ನೆ (ಪ್ರೌಢಶಾಲಾ ವಿಜ್ಞಾನ ಶಿಕ್ಷಕಿ, ಕೊಪ್ಪಳ)

ಕಳೆದ ಮಳೆಗಾಲದಲ್ಲಿ ಗಿಣಿಗೇರಾ ಬಳಿ ಮೆದು ಕಬ್ಬಿಣ, ಅಂದರೆ ಸ್ಪಾಂಜ್ ಐರನ್, ತುಂಬಿದ ಲಾರಿಯೊಂದು ಕೆಟ್ಟು ರಾತ್ರಿಯಿಡೀ ರಸ್ತೆಬದಿಯಲ್ಲಿ ನಿಂತಿತ್ತು. ಹರಿದ ತಾಡಪಾಲಿನಿಂದ ಮಳೆನೀರು ಒಳಗೆ ಇಳಿದಿತ್ತು. ಬೆಳಿಗ್ಗೆ ನಾನು ಶಾಲೆಗೆ ಹೋಗುವಾಗ ರಾಶಿಯಿಂದ ಹಬೆ ಏಳುತ್ತಿತ್ತು, ಒಂದೆಡೆ ಕೆಂಡದ ಬಣ್ಣವೂ ಕಾಣುತ್ತಿತ್ತು. ಕೊಡ ಹಿಡಿದು ಓಡಿ ಬಂದ ಊರವರನ್ನು ಚಾಲಕ ಕೈಮುಗಿದು ತಡೆಯುತ್ತಿದ್ದ. ಸಂಡೂರಿನ ಅದಿರು ಮಳೆಯಲ್ಲಿ ನೆನೆದರೆ ಏನೂ ಆಗುವುದಿಲ್ಲ, ಕಟ್ಟಡದ ಕಂಬಿ ನೆನೆದರೆ ತುಕ್ಕು ಹಿಡಿಯುತ್ತದೆ, ಇದೂ ಕಬ್ಬಿಣವೇ ಆಗಿದ್ದು ಹೀಗೇಕೆ ಎಂದು ಮಕ್ಕಳು ಕೇಳಿದರು. ಇದರ ಜ್ವಲನ ತಾಪ, ಅಂದರೆ ಹೊತ್ತಿಕೊಳ್ಳುವ ಕಾವು, ಕಡಿಮೆ ಎಂದು ಹೇಳಿ ಮುಗಿಸಲು ನನಗೆ ಮನಸ್ಸಾಗಲಿಲ್ಲ.

ಉತ್ತರ 1 (ರಸಾಯನಶಾಸ್ತ್ರ ಉಪನ್ಯಾಸಕ, ಬಳ್ಳಾರಿ)

ಅದಿರು ಈಗಾಗಲೇ ಉರಿದು ಮುಗಿದ ಕಬ್ಬಿಣ ಎಂದು ಮಕ್ಕಳಿಗೆ ಹೇಳಿ. ನಮ್ಮ ಗುಡ್ಡಗಳ ಅದಿರಾದ ಹೆಮಟೈಟ್‌ನಲ್ಲಿ ಎರಡು ಕಬ್ಬಿಣದ ಪರಮಾಣುಗಳಿಗೆ ಮೂರು ಆಮ್ಲಜನಕದ ಪರಮಾಣುಗಳು ಸೇರಿಕೊಂಡಿರುವುದರಿಂದ ಅದಕ್ಕೆ ಗಾಳಿಯಿಂದ ಇನ್ನು ಬೇಕಾದದ್ದು ಏನೂ ಇಲ್ಲ. ಕಾರ್ಖಾನೆಯ ಗೂಡಿನಲ್ಲಿ ಕಲ್ಲಿದ್ದಲಿನೊಡನೆ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿ ಆ ಆಮ್ಲಜನಕವನ್ನು ಕಿತ್ತು ತೆಗೆಯುತ್ತಾರೆ. ಕಬ್ಬಿಣ ಕರಗುವುದು 1538 ಡಿಗ್ರಿಯಲ್ಲಿ. ಹೀಗಾಗಿ ಉಂಡೆ ಕರಗದೆ, ಆಮ್ಲಜನಕ ಬಿಟ್ಟುಹೋದ ಜಾಗವೆಲ್ಲ ಸಣ್ಣ ರಂಧ್ರಗಳಾಗಿ ಉಳಿಯುತ್ತದೆ.

ಘನವಸ್ತು ಗಾಳಿಯೊಡನೆ ಸೇರುವುದು ಗಾಳಿ ತಾಗುವ ಮೇಲ್ಮೈಯಲ್ಲಿ ಮಾತ್ರ. 1 ಸೆಂಟಿಮೀಟರ್ ಬದಿಯ ಘನಕ್ಕೆ 6 ಚದರ ಸೆಂಟಿಮೀಟರ್ ಮೇಲ್ಮೈ ಇದ್ದರೆ, ಅದನ್ನೇ 1 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಬದಿಯ ಘನಗಳಾಗಿ ಕತ್ತರಿಸಿದಾಗ ಒಟ್ಟು ಮೇಲ್ಮೈ 6 ಚದರ ಮೀಟರ್ ಆಗುತ್ತದೆ, ಅಂದರೆ ಹತ್ತು ಸಾವಿರ ಪಟ್ಟು. ಕಂಬಿಯಲ್ಲಿ ತುಕ್ಕು ಹುಟ್ಟಿಸುವ ಅಲ್ಪ ಶಾಖವನ್ನು ದಪ್ಪ ಲೋಹವೇ ಹೀರಿ ಹೊರಗೆ ಬಿಡುತ್ತದೆ. ಮಳೆನೀರು ತಾಗಿ ಇದೇ ತುಕ್ಕು ರಂಧ್ರಮಯ ಉಂಡೆಗಳ ರಾಶಿಯ ನಡುವೆ ಹುಟ್ಟಿಸಿದ ಶಾಖಕ್ಕೆ ಹೊರಹೋಗುವ ದಾರಿಯಿಲ್ಲ, ಕಾವು ಏರಿದಂತೆ ಕ್ರಿಯೆಯ ವೇಗವೂ ಏರುತ್ತದೆ. ಆದ್ದರಿಂದಲೇ ಜ್ವಲನ ತಾಪವನ್ನು ಕರಗುವ ಬಿಂದುವಿನಂತೆ ವಸ್ತುವಿನ ಸ್ಥಿರ ಗುಣವೆಂದು ಕಲಿಸುವುದು ನನಗೆ ಒಪ್ಪಿಗೆಯಿಲ್ಲ. ಕಣದ ಗಾತ್ರ, ತೇವ, ರಾಶಿಯ ಎತ್ತರ ಎಲ್ಲವೂ ಅದನ್ನು ಬದಲಿಸುತ್ತವೆ.

ಪರಮಾಣುಗಳ ಜೋಡಣೆಯೂ ಲೆಕ್ಕಕ್ಕೆ ಬರುತ್ತದೆ. ಬಿಳಿ ರಂಜಕದ (ಫಾಸ್ಫರಸ್) ಅಣುವಿನಲ್ಲಿ ನಾಲ್ಕು ಪರಮಾಣುಗಳು 60 ಡಿಗ್ರಿಯ ಕೋನಗಳಲ್ಲಿ ಇಕ್ಕಟ್ಟಾಗಿ ಬಿಗಿದುಕೊಂಡಿರುವುದರಿಂದ ಅದು ಗಾಳಿಯಲ್ಲಿ ಸುಮಾರು 30 ಡಿಗ್ರಿಗೇ ಹೊತ್ತಿಕೊಳ್ಳಬಲ್ಲದು. ರಾಯಚೂರಿನ ಬೇಸಿಗೆ ಇದಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು ಇಲ್ಲಿಯವರಿಗೆ ಹೇಳಬೇಕಿಲ್ಲ. ಅದನ್ನು ನೀರಿನಲ್ಲಿ ಮುಳುಗಿಸಿಯೇ ಇಡುತ್ತಾರೆ. ಅದೇ ರಂಜಕ ಸರಪಳಿಯಂತೆ ಹೆಣೆದುಕೊಂಡು ಕೆಂಪಾದಾಗ 200 ಡಿಗ್ರಿ ದಾಟಿದರೂ ತಾಳಿಕೊಳ್ಳುತ್ತದೆ, ಬೆಂಕಿಪೊಟ್ಟಣದ ಬದಿಗೆ ಬಳಿಯುವುದು ಅದನ್ನೇ.

ಉತ್ತರ 2 (ಹಿಂದೆ ಮೆದು ಕಬ್ಬಿಣದ ಗೂಡಿನಲ್ಲಿ ದುಡಿದವನು)

ಆ ಚಾಲಕ ಮಾಡಿದ್ದು ಸರಿ. ಕೆಂಪಗೆ ಕಾದ ಮೆದು ಕಬ್ಬಿಣ ನೀರಿನಿಂದಲೂ ಆಮ್ಲಜನಕವನ್ನು ಕಿತ್ತುಕೊಂಡು ಜಲಜನಕವನ್ನು ಬಿಡುತ್ತದೆ; ಮುಚ್ಚಿದ ಜಾಗದಲ್ಲಿ ಆ ಅನಿಲ ಗಾಳಿಯೊಡನೆ ಬೆರೆತು ಸಿಡಿಯಬಹುದು. ಗೂಡಿನಿಂದ ಬಂದ ಮಾಲನ್ನು ನಾವು ತಣಿಸುವ ಉರುಳೆಯಾದ ಕೂಲರ್‌ನೊಳಗೆ ಗಾಳಿ ತಾಗದಂತೆ ತಣಿಸುತ್ತಿದ್ದೆವು, ನೀರು ಬೀಳುತ್ತಿದ್ದುದು ಕೂಲರ್‌ನ ಹೊರಮೈ ಮೇಲೆ ಮಾತ್ರ. ರಾಶಿ ಕಾಯತೊಡಗಿದರೆ ಲೋಡರ್‌ನಿಂದ ತೆಳ್ಳಗೆ ಹರಡುತ್ತಿದ್ದೆವು, ಹೊತ್ತಿಕೊಂಡ ಭಾಗವನ್ನು ಬೇರ್ಪಡಿಸಿ ಒಣ ಮರಳು ಮುಚ್ಚುತ್ತಿದ್ದೆವು.

ಉತ್ತರ 3 (ರೈತ, ಸಿಂಧನೂರು)

ಹಸಿ ಹುಲ್ಲನ್ನು ಒತ್ತಿ ಬಣವೆ ಒಟ್ಟಿದರೆ ಒಳಗೆ ಕೈಯಿಡಲಾಗದಷ್ಟು ಕಾವು ಬರುವುದನ್ನು ನಾವು ಕಂಡಿದ್ದೇವೆ. ಅದೂ ಇದೇ ಬಗೆಯದೇ?

ಉತ್ತರ 4 (ಉತ್ತರ 1ರ ಉಪನ್ಯಾಸಕ)

ಆರಂಭ ಮಾತ್ರ ಬೇರೆ: ಮೊದಲು ಬಣವೆಯನ್ನು ಸುಮಾರು 70 ಡಿಗ್ರಿಯವರೆಗೆ ಕಾಯಿಸುವುದು ಸೂಕ್ಷ್ಮಜೀವಿಗಳು. ಆ ಕಾವಿನಲ್ಲಿ ಅವು ಸತ್ತ ಮೇಲೂ ಹುಲ್ಲು ಗಾಳಿಯೊಡನೆ ನೇರವಾಗಿ ಸೇರುತ್ತ ಹೋಗುತ್ತದೆ, ಅಲ್ಲಿಂದ ಮುಂದೆ ಲಾರಿಯ ಕಥೆಯೇ.

ಶಿಕ್ಷಕಿಯವರು ತರಗತಿಯಲ್ಲಿ ಸಣ್ಣ ಎಳೆಗಳ ಉಕ್ಕಿನ ನಾರನ್ನು (ಸ್ಟೀಲ್ ವೂಲ್) ತೂಗಿ, ಇಕ್ಕಳದಲ್ಲಿ ಹಿಡಿದು ಜ್ವಾಲೆಗೆ ತಾಗಿಸಲಿ, ಪಕ್ಕದಲ್ಲಿ ಒಂದು ಮೊಳೆಯನ್ನೂ ಕಾಯಿಸಲಿ. ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ತಂತಿ ಇದಕ್ಕೆ ಆಗದು, ಅದರ ಮೇಲಿನ ಕ್ರೋಮಿಯಂ ಆಕ್ಸೈಡ್ ಪದರ ಗಾಳಿಯನ್ನು ತಡೆಯುತ್ತದೆ. ಉರಿದ ನಾರನ್ನು ಚೂರೂ ಉದುರದಂತೆ ತಟ್ಟೆಯಲ್ಲಿ ಹಿಡಿದು ಮತ್ತೆ ತೂಗಿದರೆ ತೂಕ ಹೆಚ್ಚಿರುತ್ತದೆ. ಗೂಡಿನಲ್ಲಿ ಕಿತ್ತು ತೆಗೆದ ಆಮ್ಲಜನಕ ಮರಳಿ ಬಂದು ಸೇರುವುದೆಂದರೆ ಏನೆಂದು ಮಕ್ಕಳು ತಕ್ಕಡಿಯಲ್ಲೇ ನೋಡಬಹುದು.