ಸಿನಿಮಾಗೆ ಹೆಲಿಕಾಪ್ಟರ್ ಕೊಡೋದು ಯಾರು?

ಪ್ರಶ್ನೆ: ವಿಯೆಟ್ನಾಂ ಯುದ್ಧದ ಸಿನಿಮಾ ‘ಅಪೋಕ್ಯಾಲಿಪ್ಸ್ ನೌ’ ನೋಡಿದೆ. ಸಮುದ್ರದ ಮೇಲೆ ಸಾಲಾಗಿ ಬರುವ ಆ ಹೆಲಿಕಾಪ್ಟರ್‌ಗಳನ್ನು ಅಮೆರಿಕ ಸೇನೆಯೇ ಕೊಟ್ಟಿತ್ತಾ?

ಉತ್ತರ 1: ಇಲ್ಲ. ಅವರಿಗೆ ಕತೆ ಹಿಡಿಸಲಿಲ್ಲ, ಆಗಲ್ಲ ಅಂದುಬಿಟ್ಟರು. ನಿರ್ದೇಶಕ ಕೊಪ್ಪೊಲಾ ಫಿಲಿಪ್ಪೀನ್ಸ್‌ಗೆ ಹೋಗಿ ಆಗಿನ ಅಧ್ಯಕ್ಷ ಮಾರ್ಕೋಸ್ ಸರ್ಕಾರದಿಂದ ಪಡೆದರು. ತಮಾಷೆ ಅಂದ್ರೆ, ಅಲ್ಲಿ ಬಂಡುಕೋರರ ಜೊತೆ ನಿಜವಾದ ಕಾದಾಟ ನಡೀತಿತ್ತು. ಶೂಟಿಂಗ್ ಮಧ್ಯೆಯೇ ಹೆಲಿಕಾಪ್ಟರ್‌ಗಳು ಆ ಕಡೆ ಹಾರಿಬಿಡುತ್ತಿದ್ದವು! ಕ್ಯಾಮೆರಾದವರು ಸುಮ್ನೆ ಆಕಾಶ ನೋಡಬೇಕು.

ಉತ್ತರ 2: ಸೇನೆ ಒಪ್ಪಿದರೆ ‘ಟಾಪ್ ಗನ್’ (1986) ಸಿನಿಮಾ ಥರ. ವಿಮಾನ, ಹಡಗು ಎಲ್ಲಾ ಸಿಗುತ್ತೆ, ಹಾರಾಟದ ಖರ್ಚು ನಿರ್ಮಾಪಕರದು. ಆದರೆ ಸ್ಕ್ರಿಪ್ಟನ್ನು ಮೊದಲು ಸೇನೆಯವರು ಓದುತ್ತಾರೆ. ‘ಟಾಪ್ ಗನ್’ನ ನಾಯಕಿ ಮೊದಲು ನಾಯಕನಂತೆ ನೌಕಾಪಡೆಯವಳೇ ಆಗಿದ್ದಳು. ಪಡೆಯೊಳಗೆ ಅಂಥ ಪ್ರೇಮ ನಿಯಮಕ್ಕೆ ವಿರುದ್ಧ ಅಂತ ಹೊರಗಿನ ತಜ್ಞೆ ಮಾಡಿದರು. ನನಗಂತೂ ಇದು ನಯವಾದ ಸೆನ್ಸಾರ್.

ಪ್ರಶ್ನೆ ಕೇಳಿದವರು: ನಮ್ಮಲ್ಲೂ ಹೀಗೇನಾ?

ಉತ್ತರ 2: ಹೆಚ್ಚುಕಡಿಮೆ. ಸೇನೆಯ ಕತೆಗೆ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಬೇಕು ಅಂತ 2020ರಲ್ಲಿ ರಕ್ಷಣಾ ಸಚಿವಾಲಯ ಸೆನ್ಸಾರ್ ಮಂಡಳಿಗೆ ಬರೆದಿತ್ತು.