ಆಟಗಾರರ ‘ಡ್ರಾಫ್ಟ್’ಗೆ ಕನ್ನಡದಲ್ಲಿ ಏನನ್ನೋಣ? ಭಾನುವಾರದೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಆಸ್ಟಿನ್ ಟೌನಿನ ಹುಡುಗರ ಕ್ಲಬ್ಬೊಂದಕ್ಕೆ ಭಾರತದ ಫುಟ್ಬಾಲ್ ಕಥೆಯನ್ನು ಗೋಡೆ ಬರಹ ಮಾಡಿಕೊಡುತ್ತಿದ್ದೇನೆ. ಇಂಗ್ಲಿಷ್ ಬರಹ ಬೇರೆಯವರದು, ಕನ್ನಡ ನನ್ನ ಪಾಲಿನದು. ಭಾನುವಾರ ಬೆಳಿಗ್ಗೆ ಪೇಂಟರ್ ಬರುತ್ತಾರೆ. ಐದನೇ ಗೋಡೆಯಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಅದು ಇಂಡಿಯನ್ ಸೂಪರ್ ಲೀಗ್‌ನ ಮೊದಲ ಡ್ರಾಫ್ಟ್ ಬಗ್ಗೆ: 2014ರ ಜುಲೈ, ಮುಂಬೈ, ಎರಡು ದಿನ, 84 ಭಾರತೀಯ ಆಟಗಾರರು.

ಈ ಡ್ರಾಫ್ಟ್‌ಗೆ ಏನು ಬರೆಯಲಿ? ಫೋನಿನಲ್ಲಿ ಹಾಕಿ ನೋಡಿದರೆ ‘ಆಟಗಾರರ ಕರಡು’ ಅಂತ ಬಂತು. ಕ್ಲಬ್ಬಿನವರು ‘ಹರಾಜು ಅಂತ ಹಾಕಿ ಮೇಡಂ, ಎಲ್ಲರಿಗೂ ಗೊತ್ತಾಗುತ್ತೆ’ ಅನ್ನುತ್ತಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಹರಾಜಿನಲ್ಲಿ ಬೆಲೆ ಕೂಗುತ್ತಾರೆ, ಜಾಸ್ತಿ ಕೂಗಿದವರಿಗೆ ಆಟಗಾರ. ಡ್ರಾಫ್ಟ್‌ನಲ್ಲಿ ಕೂಗಾಟವೇ ಇಲ್ಲ. ತಂಡದ ಸರದಿ ಬಂದಾಗ ಉಳಿದವರಲ್ಲಿ ಒಬ್ಬರ ಹೆಸರು ಹೇಳಬೇಕು, ಅಷ್ಟೇ. ಬರೀ ‘ಆಯ್ಕೆ’ ಅಂದರೆ ಆಯ್ಕೆ ಸಮಿತಿ ಕೂತು ರಾಜ್ಯ ತಂಡ ಆರಿಸಿದ ಹಾಗೆ ಕೇಳಿಸುತ್ತದೆ. ತಲೆಬರಹಕ್ಕೆ ಇರುವುದು ಮೂರಡಿ ಅಗಲ. ದಯವಿಟ್ಟು ಬೇಗ ಹೇಳಿ.

ಬೆಂಗಳೂರಿನಿಂದ ಮೊದಲ ಉತ್ತರ:

ಡ್ರಾಫ್ಟ್ ಅಂತಲೇ ಬರೆಯಿರಿ. ಗೋಲು, ಪೆನಾಲ್ಟಿ, ಕಾರ್ನರ್ ಅನ್ನುವ ಹುಡುಗರಿಗೆ ಇದೊಂದು ಭಾರವಾಗುತ್ತದೆಯೇ? ಚರ್ಚೆ ಮಾಡುವಂಥದ್ದು ಇದರಲ್ಲಿ ಏನೂ ಇಲ್ಲ.

ಪುತ್ತೂರಿನಿಂದ:

ಏನೂ ಇಲ್ಲವೇ? ಇಂಗ್ಲಿಷಿನ ಈ ಪದದ ಬೇರು ‘ಎಳೆ’ ಎಂಬ ಅರ್ಥದ್ದು. ಗೆರೆ ಎಳೆದು ಬರೆದದ್ದು ಕರಡು. ಬ್ಯಾಂಕಿನಿಂದ ದುಡ್ಡು ಎಳೆದರೆ ಡಿಡಿ. ಗಂಡಸರನ್ನು ಸೈನ್ಯಕ್ಕೆ ಎಳೆದರೆ ಅದೂ ಡ್ರಾಫ್ಟೇ. ಅವರು ಒಂದೇ ಪದವನ್ನು ಹತ್ತು ಕಡೆ ದುಡಿಸಿಕೊಂಡಿದ್ದಾರೆ. ನಾವು ಆ ಹತ್ತನ್ನೂ ಹೊತ್ತು ತರಬೇಕಾಗಿಲ್ಲ. ನಮ್ಮಲ್ಲಿ ‘ಹೆಕ್ಕು’ ಇದೆ. ಅಕ್ಕಿಯಿಂದ ಕಲ್ಲು ಹೆಕ್ಕುತ್ತೇವೆ, ತೋಟದಲ್ಲಿ ಅಡಿಕೆ ಹೆಕ್ಕುತ್ತೇವೆ. ಒಂದೊಂದಾಗಿ, ಕಣ್ಣಿಟ್ಟು. ‘ಆಟಗಾರರ ಹೆಕ್ಕಣೆ’ ಅಂತ ಬರೆಯಿರಿ ಮೇಡಂ. ಬೇರೆ ನುಡಿಯ ಒಂದಕ್ಷರವೂ ಬೇಡ. ಫುಟ್ಬಾಲ್ ತೆಗೆದು ಕಾಲ್ಚೆಂಡು ಹಾಕಿ.

ಧಾರವಾಡದಿಂದ:

ಮೇಷ್ಟ್ರೇ, ಬಿದ್ದ ಅಡಿಕೆ ಹೆಕ್ಕುತ್ತಾರೆ, ನಿಂತ ಮನುಷ್ಯನನ್ನಲ್ಲ. ‘ಹೆಕ್ಕಣೆ’ ಅಂತ ಬರೆದರೆ ಓದಿದವರು ಹೆಗ್ಗಣ ಅಂದುಕೊಂಡಾರು. ಬೇಡ.

ನಮ್ಮ ಕಡೆ ಸರದಿಗೆ ಪಾಳಿ ಅನ್ನುತ್ತಾರೆ. ನೀರಿನ ಪಾಳಿ, ಆಟದ ಪಾಳಿ. ‘ಪಾಳಿ ಆಯ್ಕೆ’ ಅಂದರೆ ಸಾಕು. ಓಣಿಯಲ್ಲಿ ತಂಡ ಮಾಡುವಾಗ ಇಬ್ಬಿಬ್ಬರು ದೂರ ಹೋಗಿ ಗುಟ್ಟಿನ ಹೆಸರು ಇಟ್ಟುಕೊಂಡು ಬರುತ್ತಿದ್ದೆವು. ಚಿನ್ನ ಬೇಕೋ ಬೆಳ್ಳಿ ಬೇಕೋ ಅಂತ ನಾಯಕನನ್ನು ಕೇಳುತ್ತಿದ್ದೆವು. ಡ್ರಾಫ್ಟ್ ಅಂದರೆ ಅದೇ ಅಲ್ವಾ?

ಇನ್ನು ಆ ‘ಒಂದಕ್ಷರವೂ ಬೇಡ’ ಎಂಬ ಮಾತು. ಆಟಗಾರದ ‘ಗಾರ’ ಸಂಸ್ಕೃತದ ‘ಕಾರ’ದಿಂದ ಬಂದದ್ದು. ಮೊದಲು ಅದನ್ನು ತೆಗೆಯಿರಿ. ಹರಾಜು ಅರಬ್ಬಿಯದು. ನಾವು ಅನ್ನುವ ಲಿಲಾವು ಪೋರ್ಚುಗೀಸರದು. ಚಾವಿಯೂ ಅವರದೇ. ನಮ್ಮ ಅಜ್ಜಿಗೆ ಇವೆಲ್ಲ ಕನ್ನಡವೇ ಆಗಿದ್ದವು.

ಪುತ್ತೂರಿನಿಂದ, ಮತ್ತೆ:

‘ಗಾರ’ ಕನ್ನಡದ್ದೇ ಆಗಿ ಎಷ್ಟೋ ಕಾಲವಾಯಿತು. ಮಾಲೆಗಾರ, ಬಳೆಗಾರ ಅನ್ನುವಾಗ ಯಾರಿಗೂ ಸಂಸ್ಕೃತದ ನೆನಪಾಗುವುದಿಲ್ಲ. ನಿಮ್ಮ ಅಜ್ಜಿ ಚಾವಿ ಅಂದಾಗ ‘ಬೀಗದ ಕೈ’ಯೂ ಬದುಕಿತ್ತು. ಇವತ್ತಿನ ಮಕ್ಕಳಿಗೆ ಕೀ ಒಂದೇ ಗೊತ್ತು. ನನಗೆ ನೋವಾಗುವುದು ಅದಕ್ಕೆ. ಎರವಲು ಬಂದದ್ದಕ್ಕಲ್ಲ, ಮನೆಯದು ಹೋದದ್ದಕ್ಕೆ.

ನ್ಯೂಜೆರ್ಸಿಯಿಂದ:

ಧಾರವಾಡದವರ ಚಿನ್ನ-ಬೆಳ್ಳಿ ಇದಕ್ಕೆ ಹೊಂದುವುದಿಲ್ಲ. ಅಲ್ಲಿ ನಾಯಕನಿಗೆ ಯಾರು ಸಿಗುತ್ತಾರೆ ಅಂತ ಗೊತ್ತಿರುವುದಿಲ್ಲ. ಡ್ರಾಫ್ಟ್‌ನಲ್ಲಿ ಗೊತ್ತಿದ್ದೇ ಕರೆಯುತ್ತಾರೆ.

ಇಲ್ಲಿನ ಫುಟ್ಬಾಲ್ ಬೇರೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು. ಆದರೂ ಎನ್‌ಎಫ್‌ಎಲ್ ಎಂಬ ಇಲ್ಲಿನ ಲೀಗ್‌ನ ಮೊದಲ ಡ್ರಾಫ್ಟ್ ನೆನಪಿಸಿಕೊಳ್ಳಬೇಕು. ಅದು ನಡೆದದ್ದು 1936ರಲ್ಲಿ, ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ. ಮೊದಲು ಕರೆಸಿಕೊಂಡವರು ಜೇ ಬರ್‌ವಾಂಗರ್. ಅವರು ಆ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಹಿಂದಿನ ವರ್ಷ ಎಲ್ಲರಿಗಿಂತ ಜಾಸ್ತಿ ಸೋತ ತಂಡಕ್ಕೆ ಮೊದಲ ಸರದಿ ಎಂಬುದು ಅಲ್ಲಿನ ನಿಯಮ. ದುಡ್ಡಿದ್ದವರೇ ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳಬಾರದು ಅಂತ ಮಾಡಿದ್ದು. ಹೊಸ ಲೀಗ್‌ನಲ್ಲಿ ಕೊನೆಯ ಸ್ಥಾನ ಅನ್ನುವುದೇ ಇರುವುದಿಲ್ಲ. ಹಾಗಾಗಿ ಸರದಿಯನ್ನು ಬೇರೆ ರೀತಿಯಲ್ಲಿ ಗೊತ್ತುಮಾಡಬೇಕು. ಹೇಗೆ ನೋಡಿದರೂ ಪದದಲ್ಲಿ ಸರದಿ ಇರಬೇಕು. ಅದಿಲ್ಲದಿದ್ದರೆ ಅರ್ಥವೇ ಹೋಯಿತು.

ಬೆಂಗಳೂರಿನ ಮೊದಲಿನವರು:

ಹರಾಜು ಅಂದರೂ ಜನಕ್ಕೆ ಅರ್ಥವಾಗುತ್ತದೆ. ಕ್ರಿಕೆಟ್ಟಿನಿಂದ ಕಲಿತುಬಿಟ್ಟಿದ್ದಾರೆ. ಸುಮ್ನೆ ಎಳೆಯುತ್ತಿದ್ದೀರಿ.

ಪ್ರಶ್ನೆ ಕೇಳಿದವಳಿಂದ:

ಸುಮ್ನೆ ಅಲ್ಲ ಸರ್. ಆರನೇ ಗೋಡೆ 2015ರದು. ಆ ಜುಲೈನಲ್ಲಿ ಮುಂಬೈನಲ್ಲಿ ಹರಾಜೂ ನಡೆಯಿತು, ಡ್ರಾಫ್ಟೂ ನಡೆಯಿತು. ಹತ್ತು ಆಟಗಾರರಿಗೆ ಮಾತ್ರ ಹರಾಜು. ಸುನಿಲ್ ಛೆಟ್ರಿ ಅವರನ್ನು ಮುಂಬೈ ಸಿಟಿ ತಂಡ 1.2 ಕೋಟಿ ರೂಪಾಯಿಗೆ ಕೊಂಡದ್ದು ಅದರಲ್ಲೇ. ಉಳಿದವರು ಡ್ರಾಫ್ಟ್‌ನಲ್ಲಿ. ಎರಡಕ್ಕೂ ಹರಾಜು ಅಂತ ಬರೆದರೆ ಹುಡುಗರಿಗೆ ಏನು ತಿಳಿಯುತ್ತದೆ? ಇದೇ ಬೀದಿಗಳಲ್ಲಿ ಆಡುವ ಮಕ್ಕಳಲ್ಲಿ ಯಾರಾದರೂ ನಾಳೆ ಆ ಪಟ್ಟಿಯಲ್ಲಿ ಬರಬಹುದು. ತನ್ನನ್ನು ಬೆಲೆ ಕೂಗಿ ಕೊಂಡರೋ, ಸರದಿಯಲ್ಲಿ ಕರೆದರೋ ಅನ್ನುವುದು ಅವನಿಗೆ ದೊಡ್ಡ ವ್ಯತ್ಯಾಸ.

‘ಸರದಿ ಆಯ್ಕೆ’ ಅಂತ ತೀರ್ಮಾನಿಸಿದ್ದೇನೆ. ಪಾಳಿ ನನಗೂ ಇಷ್ಟವಾಯಿತು. ಆದರೆ ಬೆಂಗಳೂರಿನಲ್ಲಿ ಪಾಳಿ ಅಂದರೆ ರಾತ್ರಿ ಪಾಳಿ, ಕಾರ್ಖಾನೆ ನೆನಪಾಗುತ್ತದೆ. ಸಂಧಿ ಮಾಡುವುದಿಲ್ಲ, ‘ಸರದಿಯಾಯ್ಕೆ’ ಓದುವಾಗ ನಾಲಿಗೆ ತಡವರಿಸುತ್ತದೆ. ವಾಕ್ಯದಲ್ಲೂ ಇಟ್ಟು ನೋಡಿದೆ: ‘2017ರ ಸರದಿ ಆಯ್ಕೆಯಲ್ಲಿ ಜಮ್‌ಶೆಡ್‌ಪುರ ಮೊದಲು ಕರೆದದ್ದು ಅನಸ್ ಎಡತೊಡಿಕ ಅವರನ್ನು.’ ಸಲೀಸಾಗಿ ಕೂತಿತು. ಡ್ರಾಫ್ಟ್ ಪದವನ್ನು ಕೆಳಗಿನ ಸಾಲಿನಲ್ಲಿ ಒಂದು ಸಲ ಹೇಳುತ್ತೇನೆ, ಟಿವಿಯಲ್ಲಿ ಕೇಳುವ ಮಕ್ಕಳಿಗೆ ಬೇಕಾಗುತ್ತದೆ.

ಪುತ್ತೂರಿನಿಂದ:

ಸರದಿಯನ್ನು ಒಪ್ಪಿದೆ. ಕಾಲ್ಚೆಂಡಿನ ವಿಷಯಕ್ಕೆ ನೀವು ಉತ್ತರ ಕೊಡಲಿಲ್ಲ.

ಪ್ರಶ್ನೆ ಕೇಳಿದವಳಿಂದ:

ಮೇಷ್ಟ್ರೇ, ಮೊದಲ ಗೋಡೆಯ ತಲೆಬರಹ ಇನ್ನೂ ಖಾಲಿ ಇದೆ. ಅಲ್ಲಿ ಕಾಲ್ಚೆಂಡು ಅಂತಲೇ ಬರೆಸುತ್ತೇನೆ. ಉಳಿದ ಕಡೆ ಫುಟ್ಬಾಲ್ ಇರಲಿ, ಕ್ಲಬ್ಬಿನ ಹೆಸರಲ್ಲೇ ಅದಿದೆ.