ಕೇಬಲ್ (ಜಡಿ ಹೆಣಿಗಿ) ಟೋಪಿ ತಲಿಗೆ ಇಳೀವಲ್ತು, ಕೌಲ್ (ಕೊರಳಿಗೆ ಹಾಕೋದು) ಮಾತ್ರ ಸರಿ ಬಂದದ, ಯಾಕ್?

ಕೋಥ್ರೂಡ್_ಧಾರವಾಡದಾಕಿ:
ಎರಡು ಸಲ ಬಿಚ್ಚಿ ಹೆಣದೀನಿ, ಇನ್ನ ನನ್ನ ಕೈಲೆ ಆಗಂಗಿಲ್ಲ. ಮನಾಲಿಗೆ ಹೊಂಟೀವಿ ಅಂತ ಮನೆಯವರಿಗೆ ಟೋಪಿ-ಕೌಲ್ ಜೋಡಿ ಶುರು ಮಾಡಿದ್ದೆ. ನೆಟ್‌ನಾಗ ಸಿಕ್ಕ ಪ್ಯಾಟರ್ನ್, 8 ನಂಬರ್ ಕಡ್ಡಿ, 6 ಸ್ಟಿಚ್ಚಿನ ಜಡಿ, ನಡುವ 2 ಪರ್ಲ್ (ಉಲ್ಟಾ ಸ್ಟಿಚ್), ಟೋಪಿಗೆ 112 ಸ್ಟಿಚ್. ಕೌಲ್ ಭಾಳ ಚಂದ ಬಂತು, ಟೋಪಿ ಎಳದು ಹಾಕಿದ್ರ ಹಣಿ ಮ್ಯಾಲೆ ಗೆರಿ ಬೀಳ್ತದ. ಅದೇ ಉಲ್ಲನ್, ಅದೇ ನಂಬರ್, ಅದೇ ಕೈ!!

ಮುಲುಂಡ್_ಮಂಗ್ಳೂರು:
ಉಲ್ಲನ್ ಯಾವುದು? ಅಕ್ರಿಲಿಕ್ ಅಲ್ವಾ? ನನಗೆ ಗೊತ್ತಿತ್ತು. ಒದ್ದೆ ಮಾಡಿ ಎಳೆದು ಪಿನ್ ಹೊಡೆದ್ರೆ ಅಸಲು ಉಣ್ಣೆ ಆ ಅಳತೆಗೇ ನಿಲ್ತದೆ, ಅಕ್ರಿಲಿಕ್ ಒಣಗಿದ ಮೇಲೆ ಪುನಃ ಹಾಗೇ. ಸ್ಟೀಮ್ ಕೊಡಿ.

ಕೋಥ್ರೂಡ್_ಧಾರವಾಡದಾಕಿ:
ಹೌದ್ರೀ ಅಕ್ರಿಲಿಕ್ಕೇ, ಆದ್ರ ಕೌಲೂ ಅದರಾಗೇ ಮಾಡೀನಲ್ಲ?

ಮುಲುಂಡ್_ಮಂಗ್ಳೂರು:
ಕೌಲ್‌ಗೆ ಅಳತೆ ಯಾರು ನೋಡ್ತಾರೆ ಮಾರಾಯ್ರೆ. ಸ್ಟೀಮ್ ಕೊಡಿ ಮೊದಲು.

ಡೊಂಬಿವಲಿ_ಅತ್ತೆ:
ದಯವಿಟ್ಟು ಬೇಡ. ಬಿಸಿ ಜಾಸ್ತಿ ತಗುಲಿದ್ರೆ ಅಕ್ರಿಲಿಕ್ ಬಟ್ಟೆ ಥರ ಜೋತುಬೀಳುತ್ತೆ, ಜಡೆಯ ಉಬ್ಬೆಲ್ಲ ಚಪ್ಪಟೆ, ಆಮೇಲೆ ವಾಪಸ್ ಬರಲ್ಲ.

ಮುಲುಂಡ್_ಮಂಗ್ಳೂರು:
ನಾನು ಎಷ್ಟೋ ಶಾಲಿಗೆ ಕೊಟ್ಟಿದ್ದೇನೆ, ಒಂದೂ ಹಾಳಾಗ್ಲಿಲ್ಲ.

ಡೊಂಬಿವಲಿ_ಅತ್ತೆ:
ಶಾಲು ಜೋತುಬೀಳೋಕೇ ಇರೋದು ಕಣ್ರೀ.

ವಾಸ್ಕೋ_ಹುಬ್ಳಿ:
ಇಲ್ಲಿ ಗೋವಾದಾಗ ಉಲ್ಲನ್ ಟೋಪಿ ಹಾಕ್ಕೊಂಡು ಹೊರಗ ಹೋದ್ರ ನಾಯಿ ಬೆನ್ನ ಹತ್ತತಾವ, ಆದ್ರೂ ನನ್ನ ಹತ್ರ ಕಡ್ಡಿ ತುದಿ ಬದಲಾಯಿಸೋ ಬಿದಿರಿನ ಸೆಟ್ ಪೂರಾ ಐತಿ, ಫೋಟೋ ಹಾಕ್ಲೇನು?

ಡೊಂಬಿವಲಿ_ಅತ್ತೆ:
ಆಮೇಲೆ ಹಾಕಿ. ಧಾರವಾಡದವರೇ, ಜಡೆ ತಿರುಗಿಸಿದಲ್ಲೆಲ್ಲ ಹೆಣಿಗೆ ಒಳಕ್ಕೆ ಎಳೆಯುತ್ತೆ, ಅದಕ್ಕೇ ಪ್ಲೇನ್ ತುಂಡಿನ ಅಳತೆ ಇಲ್ಲಿ ನಡೆಯಲ್ಲ, ಎರಡರಲ್ಲೂ ಜಡೆ ಮೇಲೇ ಸ್ಕೇಲ್ ಇಟ್ಟು 10 ಸೆಂ.ಮೀ.ಗೆ ಎಷ್ಟು ಸ್ಟಿಚ್ ಅಂತ ಎಣಿಸಿ ಹೇಳಿ.

ಕೋಥ್ರೂಡ್_ಧಾರವಾಡದಾಕಿ:
ಕೌಲ್ 23, ಟೋಪಿ 27. ಅಯ್ಯ!

ಡೊಂಬಿವಲಿ_ಅತ್ತೆ:
23 ಆಗಿದ್ರೆ 112ಕ್ಕೆ ಸುಮಾರು 48.7 ಸೆಂ.ಮೀ. ಬರ್ತಿತ್ತು, ದೊಡ್ಡವರ ತಲೆಗೆ ಸರಿ. 27ಕ್ಕೆ ಬರೀ 41.5. ನಿಜ ಹೇಳಿ, ಎರಡಕ್ಕೂ ಒಂದೇ ಕಡ್ಡಿನಾ?

ಕೋಥ್ರೂಡ್_ಧಾರವಾಡದಾಕಿ:
ಒಂದೇ ಅಂದ್ರ ನಂಬರ್ ಒಂದೇರೀ. ಕೌಲ್‌ಗೆ ಆನ್‌ಲೈನ್ ತರಿಸಿದ ಸರ್ಕ್ಯುಲರ್ (ನಡುವ ವೈರ್ ಇರೋ ಜೋಡಿ ಕಡ್ಡಿ), ಅದರ ಮ್ಯಾಲೆ 8, 5 ಎಂಎಂ ಅಂತ ಎರಡೂ ಅದ. ಟೋಪಿಗೆ ಅದು ಉದ್ದ ಆತು, ಅದಕ್ಕ ಅವ್ವನ ಹಳೇ ಎರಡು ತುದಿ ಕಡ್ಡಿ ತಗೊಂಡೆ, ಅದರ ಮ್ಯಾಲೆ ಬರೇ 8. ಪ್ಯಾಟರ್ನ್ ಅಮೆರಿಕಾದ್ದು, ಅದನ್ನ ಹೇಳಿದ್ನೇನು?

ಡೊಂಬಿವಲಿ_ಅತ್ತೆ:
ಇಲ್ಲಮ್ಮ, ಹೇಳ್ಲಿಲ್ಲ! ನಮ್ಮಲ್ಲಿ ಹಳೇ ಕಡ್ಡಿ ನಂಬರ್ ಇಂಗ್ಲೆಂಡ್ ಲೆಕ್ಕ, ನಂಬರ್ ಏರಿದಷ್ಟೂ ಕಡ್ಡಿ ಸಣ್ಣ. ಅಮೆರಿಕಾದ್ದು ಉಲ್ಟಾ. ಅವರ 8 ಅಂದ್ರೆ 5 ಎಂಎಂ, ನಮ್ಮ 8 ಅಂದ್ರೆ 4 ಎಂಎಂ. ನಿಮಗೆ ಬೇಕಾಗಿರೋದು ನಮ್ಮ 6.

ಮುಲುಂಡ್_ಮಂಗ್ಳೂರು:
ಒಂದು ಎಂಎಂಗೆ ಇಷ್ಟು ವ್ಯತ್ಯಾಸ ಬರ್ಲಿಕ್ಕಿಲ್ಲ. ಅಕ್ರಿಲಿಕ್ಕೇ.

ಕೋಥ್ರೂಡ್_ಧಾರವಾಡದಾಕಿ:
ಮನೆಯವರು ಭೋಸರಿ ಎಂಐಡಿಸಿಯಾಗ (ಕಾರ್ಖಾನಿ ಏರಿಯಾ) ಇರೋದು, ಮನ್ಯಾಗ ದಪ್ಪ ಅಳಿಯೋ ವರ್ನಿಯರ್ ಅದ. ಅಳದ್ರು. ಅವ್ವನ ಕಡ್ಡಿ 4.0, ಸರ್ಕ್ಯುಲರ್ 5.0. ಈಗ ನಗಾಕತ್ತ್ಯಾರ. ಸ್ಟಿಚ್ ಹೆಚ್ಚು ಹಾಕಿ ಇದರಾಗೇ ಮುಗಿಸಬಹುದೇನ್ರೀ?

ಡೊಂಬಿವಲಿ_ಅತ್ತೆ:
128 ಹಾಕಿದ್ರೆ ಅಗಲ ಸರಿಹೋಗುತ್ತೆ, 6+2 ಅಂದ್ರೆ 8ರ ಮಗ್ಗಿಗೂ ಕೂರುತ್ತೆ. ಆದ್ರೆ ಜಡೆ ಸಣ್ಣ, ಹೆಣಿಗೆ ಗಡುಸು, ಕೌಲ್ ಪಕ್ಕ ಇಟ್ರೆ ಜೋಡಿ ಅನ್ಸಲ್ಲ. ಬಿಚ್ಚಿ, 5 ಎಂಎಂನಲ್ಲಿ ಮ್ಯಾಜಿಕ್ ಲೂಪ್ (ಉದ್ದ ಸರ್ಕ್ಯುಲರ್‌ನ ವೈರ್ ಮಡಚಿ ಸಣ್ಣ ಸುತ್ತು ಹೆಣೆಯೋದು) ಮಾಡಿ.

ಕೋಥ್ರೂಡ್_ಧಾರವಾಡದಾಕಿ:
ನನ್ನ ಸರ್ಕ್ಯುಲರ್ 60 ಸೆಂ.ಮೀ., ಆಗ್ತದೇನು?

ವಾಸ್ಕೋ_ಹುಬ್ಳಿ:
ಆಗಂಗಿಲ್ರೀ, 80 ಆದ್ರೂ ಬೇಕು. ನನ್ನ ಸೆಟ್‌ನಾಗ 100 ಸೆಂ.ಮೀ. ವೈರೂ ಐತಿ. ಫೋಟೋ ಹಾಕೀನಿ ನೋಡ್ರಿ.

ಕೋಥ್ರೂಡ್_ಧಾರವಾಡದಾಕಿ:
ಫೋಟೋ ಬ್ಯಾಡ್ರೀ, ಕಡ್ಡೀನೇ ಕಳಸ್ರಿ. ನಾಳೆ ತುಳಶಿಬಾಗ್ ಮಾರ್ಕೆಟ್ ಕಡೆ ಹೋಗ್ತೀನಿ, ವರ್ನಿಯರ್ ಪರ್ಸ್‌ನಾಗ ಇಟ್ಕೊಂಡು.